ಉತ್ತರ ಇಂಗ್ಲೆಂಡಿನಲ್ಲಿ ಮನೆ: ಕೊನೆಯ ರೈಲು ನೋಡಿ ಊರು ಆರಿಸಿ

ಪ್ರಶ್ನೆ: ನಾವು ರೆಡಿಂಗ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಯಜಮಾನರಿಗೆ ಲೀಡ್ಸ್‌ನಲ್ಲಿ ಕೆಲಸ ಸಿಕ್ಕಿದೆ, ವಾರಕ್ಕೆ ಎರಡು ದಿನ ಆಫೀಸಿಗೆ ಹೋಗಬೇಕು. ನನಗೆ ತಿಂಗಳಿಗೊಮ್ಮೆ ಲಂಡನ್. ಮಗಳಿಗೆ ಹನ್ನೆರಡು ವರ್ಷ, ಭರತನಾಟ್ಯ ಕಲಿಯುತ್ತಿದ್ದಾಳೆ. ನಾಟಕ, ಸಂಗೀತ, ಪುಸ್ತಕಗಳ ವಾತಾವರಣವಿರುವ ಚಿಕ್ಕ ಊರು ಬೇಕು, ಲೀಡ್ಸ್ ನಗರದೊಳಗೆ ಬೇಡ. ಅತ್ತೆ ಮಾವ ಮೈಸೂರಿನಿಂದ ಬಂದು ವರ್ಷಕ್ಕೆ ಕೆಲವು ತಿಂಗಳು ಇರುತ್ತಾರೆ. ಮನೆಗೆ ಮೂರೂವರೆ ಲಕ್ಷ ಪೌಂಡ್ ದಾಟುವಂತಿಲ್ಲ. ಯಾರ್ಕ್, ಹ್ಯಾರೋಗೇಟ್, ಇಲ್ಕ್‌ಲಿ, ಹೆಬ್ಡನ್ ಬ್ರಿಜ್ ಹೆಸರು ಕೇಳಿದ್ದೇವೆ. ಯಾವುದು ಸರಿ?
— ರೆಡಿಂಗ್‌ನ ಓದುಗರು

ಉತ್ತರ: ಮೊದಲಿಗೆ ಒಂದು ಮಾತು. ಊರು ಹುಡುಕುವವರೆಲ್ಲ ಬೆಳಗಿನ ರೈಲು ಎಷ್ಟು ಹೊತ್ತಿಗಿದೆ ಎಂದು ನೋಡುತ್ತಾರೆ. ನಿಮ್ಮಂಥ ಆಸಕ್ತಿಯವರು ನೋಡಬೇಕಾದದ್ದು ರಾತ್ರಿಯ ಕೊನೆಯ ರೈಲು. ಚಿಕ್ಕ ಊರಿನಲ್ಲಿ ವರ್ಷಕ್ಕೊಂದು ಸಾಹಿತ್ಯೋತ್ಸವ, ಒಂದು ಸಿನಿಮಾ ಮಂದಿರ, ಒಂದೆರಡು ಗಾಯನ ವೃಂದ ಇದ್ದೇ ಇರುತ್ತವೆ. ಒಪೆರಾ, ದೊಡ್ಡ ನಾಟಕ, ವಾದ್ಯವೃಂದ ಇರುವುದು ನಗರದಲ್ಲಿ. ಲೀಡ್ಸ್‌ನ ಗ್ರ್ಯಾಂಡ್ ಥಿಯೇಟರಿನಲ್ಲಿ 1978ರಿಂದ ನೆಲೆಸಿರುವ ಒಪೆರಾ ನಾರ್ತ್ ತಂಡದ ಪ್ರದರ್ಶನ ಏಳು ಅಥವಾ ಏಳೂವರೆಗೆ ಶುರುವಾದರೆ ಮುಗಿಯುವಾಗ ಹತ್ತರ ಸುಮಾರು. ಅಲ್ಲಿಂದ ಸ್ಟೇಷನ್ನಿಗೆ ಹತ್ತು ಹನ್ನೆರಡು ನಿಮಿಷದ ನಡಿಗೆ. ಆಮೇಲೆ ನಿಮ್ಮೂರಿಗೆ ಕನಿಷ್ಠ ಎರಡು ರೈಲು ಉಳಿದಿರಬೇಕು, ಏಕೆಂದರೆ ಒಂದು ರದ್ದಾದರೆ ಇನ್ನೊಂದು ಬೇಕು. ಒಂದೇ ಇದ್ದರೆ ಕೊನೆಯ ಅಂಕದಲ್ಲಿ ಗಡಿಯಾರ ನೋಡುತ್ತ ಕೂರುತ್ತೀರಿ, ಎರಡನೇ ವರ್ಷಕ್ಕೆ ಟಿಕೆಟ್ ಕೊಳ್ಳುವುದನ್ನೇ ಬಿಡುತ್ತೀರಿ.

ಇದನ್ನು ಪರೀಕ್ಷಿಸುವ ಕ್ರಮ ಸುಲಭ. ವಾರದ ದಿನ, ಶನಿವಾರ, ಭಾನುವಾರ, ಮೂರರ ವೇಳಾಪಟ್ಟಿಯನ್ನೂ ಬೇರೆಬೇರೆಯಾಗಿ ತೆಗೆದು ನೋಡಿ. ಭಾನುವಾರದ್ದು ಸಾಮಾನ್ಯವಾಗಿ ತೆಳು. ವೇಳಾಪಟ್ಟಿ ಮೇ ಮಧ್ಯದಲ್ಲಿ, ಡಿಸೆಂಬರ್ ಮಧ್ಯದಲ್ಲಿ ಬದಲಾಗುತ್ತದೆ, ಹಳೆಯದನ್ನು ನಂಬಬೇಡಿ. ನಂತರ ರಿಯಲ್‌ಟೈಮ್ ಟ್ರೇನ್ಸ್ ಎಂಬ ತಾಣದಲ್ಲಿ ಅದೇ ಕೊನೆಯ ರೈಲುಗಳು ಕಳೆದ ವಾರ ನಿಜಕ್ಕೂ ಓಡಿದವೇ, ಎಷ್ಟು ತಡವಾದವು ಎಂದು ಹುಡುಕಿ. ಲೀಡ್ಸ್‌ನಿಂದ ಹಡರ್ಸ್‌ಫೀಲ್ಡ್ ಮೂಲಕ ಮ್ಯಾಂಚೆಸ್ಟರ್‌ಗೆ ಹೋಗುವ ಟ್ರಾನ್ಸ್‌ಪೆನ್ನೈನ್ ಮಾರ್ಗದಲ್ಲಿ ಹಳಿ ಮೇಲ್ದರ್ಜೆಗೇರಿಸುವ ಕೆಲಸ ವರ್ಷಗಟ್ಟಲೆ ನಡೆಯುವಂಥದ್ದು. ವಾರಾಂತ್ಯದಲ್ಲಿ ರೈಲಿನ ಬದಲು ಬಸ್ಸು ಬಿಡುವುದುಂಟು. ಸಂಗೀತಪ್ರಿಯರಿಗೆ ಹಡರ್ಸ್‌ಫೀಲ್ಡ್‌ನಂಥ ಊರು ಅಪರೂಪ. 1836ರಲ್ಲಿ ಹುಟ್ಟಿದ ಕೋರಲ್ ಸೊಸೈಟಿ ಇಂದಿಗೂ ಹಾಡುತ್ತಿದೆ, 1978ರಿಂದ ಪ್ರತಿ ನವೆಂಬರಿನಲ್ಲಿ ಹೊಸ ಸಂಗೀತದ ಉತ್ಸವ ನಡೆಯುತ್ತದೆ. ಆದರೂ ಈ ಕಾಮಗಾರಿ ಮುಗಿಯುವವರೆಗೆ ರೈಲನ್ನೇ ನಂಬಿ ಅಲ್ಲಿಗೆ ಹೋಗಿ ಎನ್ನಲು ಮನಸ್ಸು ಬಾರದು.

ಈಗ ನಿಮ್ಮ ಪಟ್ಟಿ. ಯಾರ್ಕ್‌ನಿಂದ ಲಂಡನ್ನಿನ ಕಿಂಗ್ಸ್ ಕ್ರಾಸ್‌ಗೆ ಸುಮಾರು ಎರಡು ಗಂಟೆ, ಲೀಡ್ಸ್‌ಗೆ ಇಪ್ಪತ್ತೈದು ನಿಮಿಷ. ಮಿನ್ಸ್ಟರ್ ಎಂಬ ಮಹಾಚರ್ಚು, ಥಿಯೇಟರ್ ರಾಯಲ್, ಹಳೆಯ ಚರ್ಚೊಂದರಲ್ಲಿರುವ ಪ್ರಾಚೀನ ಸಂಗೀತ ಕೇಂದ್ರ, ವಿಶ್ವವಿದ್ಯಾಲಯ, ಒಂದು ನಗರದಲ್ಲಿ ಇಷ್ಟು ಸಿಕ್ಕರೆ ಇನ್ನೇನು ಬೇಕು? ತೊಂದರೆ ಎರಡು. ಕೋಟೆಗೋಡೆಯ ಸುತ್ತಮುತ್ತ ನಿಮ್ಮ ಬಜೆಟ್ಟಿಗೆ ಸಿಗುವುದು ಚಿಕ್ಕ ಸಾಲುಮನೆ, ಅದೂ ಕಾರು ನಿಲ್ಲಿಸಲು ಜಾಗವಿಲ್ಲದ್ದು. ಜೊತೆಗೆ ಊಸ್, ಫಾಸ್ ನದಿಗಳ ದಂಡೆಯ ಬೀದಿಗಳಿಗೆ ನೀರು ನುಗ್ಗುವುದು ಹಳೆಯ ಕಥೆ. ಹ್ಯಾರೋಗೇಟ್‌ನಿಂದ ಲಂಡನ್ನಿಗೆ ನೇರ ರೈಲುಗಳಿವೆ, ಸುಮಾರು ಮೂರು ಗಂಟೆ. ಸ್ಟ್ರೇ ಎಂಬ 200 ಎಕರೆಯ ಬಯಲು ಊರಿನ ನಡುವೆಯೇ ಇದೆ, ನೆಲ ಸಮತಟ್ಟು, ಹಿರಿಯರ ನಡಿಗೆಗೆ ಇಷ್ಟು ಒಳ್ಳೆಯ ಜಾಗ ಈ ಪಟ್ಟಿಯಲ್ಲಿ ಬೇರೆ ಇಲ್ಲ. ಆದರೆ ದುಬಾರಿ.

ಇಲ್ಕ್‌ಲಿ ನಿಮ್ಮ ಮನಸ್ಸಿಗೆ ತೀರ ಹತ್ತಿರದ ಊರಾಗಬಹುದು. 1973ರಿಂದ ನಡೆಯುವ ಸಾಹಿತ್ಯೋತ್ಸವ, ಮೇಲೆ ಮೂರ್ ಎಂಬ ಬಯಲುಗುಡ್ಡ, ಲೀಡ್ಸ್‌ಗೂ ಬ್ರಾಡ್‌ಫರ್ಡ್‌ಗೂ ಅರ್ಧ ಗಂಟೆಯ ವಿದ್ಯುತ್ ರೈಲು. ಮೂರೂವರೆ ಲಕ್ಷಕ್ಕೆ ಅಲ್ಲಿ ಮೂರು ಬೆಡ್‌ರೂಮಿನ ಮನೆ ಸಿಗುವುದು ಕಷ್ಟ ಎಂಬುದೊಂದೇ ಅಡ್ಡಿ, ಅದು ದೊಡ್ಡ ಅಡ್ಡಿಯೇ. ಪಕ್ಕದ ಓಟ್ಲಿ ಅಗ್ಗವೆಂದು ಏಜೆಂಟರು ಹೇಳಿಯಾರು. ಅಲ್ಲಿನ ರೈಲು ನಿಲ್ದಾಣ 1965ರಲ್ಲೇ ಮುಚ್ಚಿದೆ, ಬಸ್ಸೇ ಗತಿ.

ಹೆಬ್ಡನ್ ಬ್ರಿಜ್ ಲೀಡ್ಸ್ ಮತ್ತು ಮ್ಯಾಂಚೆಸ್ಟರ್ ನಡುವಿನ ಕಾಲ್ಡರ್ ಕಣಿವೆಯಲ್ಲಿದೆ. ಅಷ್ಟು ಚಿಕ್ಕ ಊರಿನಲ್ಲಿ ಟ್ರೇಡ್ಸ್ ಕ್ಲಬ್‌ನಂಥ ಸಂಗೀತ ವೇದಿಕೆ, ಪಿಕ್ಚರ್ ಹೌಸ್‌ನಂಥ ಸಿನಿಮಾ ಮಂದಿರ ಉಳಿದಿರುವುದೇ ಸೋಜಿಗ. ಆದರೆ ಅತ್ತೆ ಮಾವನವರನ್ನು ನೆನೆದರೆ ಇದು ಬೇಡ. ಬೀದಿಗಳು ಕಡಿದು, ಮೆಟ್ಟಿಲುಗಳು ಪಾಚಿಗಟ್ಟಿದ ಕಲ್ಲಿನವು, ಚಳಿಗಾಲದಲ್ಲಿ ಜಾರುತ್ತವೆ. ಇನ್ನೊಂದು ಅಲ್ಲಿನ ವಿಶೇಷ: ಇಳಿಜಾರಿಗೆ ಒರಗಿಸಿ ಕಟ್ಟಿದ ಕಟ್ಟಡಗಳಲ್ಲಿ ಕೆಳಗಿನ ಎರಡಂತಸ್ತು ಒಬ್ಬರದು, ಮೇಲಿನ ಎರಡು ಇನ್ನೊಬ್ಬರದು, ಬಾಗಿಲುಗಳು ಬೇರೆಬೇರೆ ಬೀದಿಗೆ. ಇದನ್ನು ಫ್ಲೈಯಿಂಗ್ ಫ್ರೀಹೋಲ್ಡ್ ಎನ್ನುತ್ತಾರೆ. ಚಾವಣಿ ಸೋರಿದರೆ ರಿಪೇರಿ ಖರ್ಚು ಯಾರದೆಂದು ಪತ್ರದಲ್ಲಿ ಸ್ಪಷ್ಟವಿಲ್ಲದಿದ್ದರೆ ಕೆಲವು ಬ್ಯಾಂಕುಗಳು ಸಾಲವನ್ನೇ ಕೊಡುವುದಿಲ್ಲ.

ನಮ್ಮ ಸಲಹೆ ನಿಮ್ಮ ಪಟ್ಟಿಯಲ್ಲಿಲ್ಲದ ಜಾಗ: ಏರ್ ಕಣಿವೆಯ ಸಾಲ್ಟೇರ್, ಶಿಪ್ಲಿ, ಬಿಂಗ್ಲಿ. ಸಾಲ್ಟೇರ್‌ನಿಂದ ಲೀಡ್ಸ್‌ಗೆ ಕಾಲು ಗಂಟೆಯ ಸುಮಾರು, ರಾತ್ರಿ ಹನ್ನೊಂದರ ಆಸುಪಾಸಿನವರೆಗೂ ಮರಳುವ ರೈಲುಗಳಿವೆ. ಶಿಪ್ಲಿ ಸ್ಟೇಷನ್ ತ್ರಿಕೋನಾಕಾರದ್ದು, ಲೀಡ್ಸ್, ಬ್ರಾಡ್‌ಫರ್ಡ್, ಸ್ಕಿಪ್ಟನ್, ಇಲ್ಕ್‌ಲಿ ನಾಲ್ಕೂ ಕಡೆಗೆ ಅಲ್ಲಿಂದ ಹೋಗಬಹುದು. ಹಾಗಾಗಿ ಇಲ್ಕ್‌ಲಿಯ ಸಾಹಿತ್ಯೋತ್ಸವವೂ ನಿಮ್ಮದೇ. ಶಿಪ್ಲಿಯಿಂದ ಲಂಡನ್ನಿಗೆ ದಿನಕ್ಕೆ ಕೆಲವು ನೇರ ರೈಲುಗಳಿವೆ, ಇಲ್ಲದಿದ್ದರೆ ಲೀಡ್ಸ್‌ನಲ್ಲಿ ಬದಲಾಯಿಸಿ. ಸಾಲ್ಟೇರ್ ಎಂಬುದು ಟೈಟಸ್ ಸಾಲ್ಟ್ ತನ್ನ ಗಿರಣಿಯ ಕೆಲಸಗಾರರಿಗಾಗಿ ಕಟ್ಟಿಸಿದ ಊರು. ಗಿರಣಿ ತೆರೆದದ್ದು 1853ರಲ್ಲಿ, ಯುನೆಸ್ಕೊ ಪಟ್ಟಿಗೆ ಸೇರಿದ್ದು 2001ರಲ್ಲಿ. ಆ ಗಿರಣಿಯೇ ಈಗ ಬ್ರಾಡ್‌ಫರ್ಡ್‌ನಲ್ಲೇ ಹುಟ್ಟಿದ ಡೇವಿಡ್ ಹಾಕ್ನಿಯ ಚಿತ್ರಗಳ ಗ್ಯಾಲರಿ, ಜೊತೆಗೆ ಒಂದು ದೊಡ್ಡ ಪುಸ್ತಕದಂಗಡಿ. ಮಗಳ ನೃತ್ಯದ ದೃಷ್ಟಿಯಿಂದಲೂ ಇದೇ ಸರಿ. ಬ್ರಾಡ್‌ಫರ್ಡ್‌ನಲ್ಲಿ ಕಲಾ ಸಂಗಮ್ ಎಂದು ಹೆಸರಾಗಿ ಈಗ ಬ್ರಾಡ್‌ಫರ್ಡ್ ಆರ್ಟ್ಸ್ ಸೆಂಟರ್ ಆಗಿರುವ ಸಂಸ್ಥೆ, ಲೀಡ್ಸ್‌ನಲ್ಲಿ ಸೌತ್ ಏಷ್ಯನ್ ಆರ್ಟ್ಸ್ ಯುಕೆ, ಎರಡೂ ಭಾರತೀಯ ನೃತ್ಯ ಸಂಗೀತಕ್ಕಾಗಿ ಬಹುಕಾಲದಿಂದ ದುಡಿಯುತ್ತಿವೆ. ಗುರುಗಳು ಯಾರು, ತರಗತಿ ಯಾವ ದಿನ ಎಂದು ಮೊದಲು ಗೊತ್ತುಮಾಡಿಕೊಳ್ಳಿ, ಮನೆ ಆಮೇಲೆ. ಭಾನುವಾರ ಬೆಳಿಗ್ಗೆ ತರಗತಿಯಾದರೆ ಭಾನುವಾರದ ಮೊದಲ ರೈಲು ಎಷ್ಟಕ್ಕೆ ಎಂಬುದೇ ಮುಖ್ಯವಾಗುತ್ತದೆ.

ಸಾಲ್ಟೇರ್ ಹಳ್ಳಿಯೊಳಗಿನ ಮನೆಗೆ ಒಂದು ಕಟ್ಟುಪಾಡಿದೆ. ಬಹುತೇಕ ಮನೆಗಳು ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಎರಡನೇ ದರ್ಜೆಯವು. ಕಿಟಕಿ, ಮುಂಬಾಗಿಲು ಬದಲಿಸಲೂ ಕೌನ್ಸಿಲ್‌ನ ಅನುಮತಿ ಬೇಕು. ಹಿಂದಿನ ಮಾಲೀಕರು ಅನುಮತಿಯಿಲ್ಲದೆ ಪ್ಲಾಸ್ಟಿಕ್ ಕಿಟಕಿ ಕೂರಿಸಿದ್ದರೆ ಸರಿಪಡಿಸುವ ಹೊರೆ ನಿಮ್ಮ ತಲೆಗೆ ಬರುತ್ತದೆ, ಆದ್ದರಿಂದ ಅನುಮತಿ ಪತ್ರಗಳನ್ನು ಸಾಲಿಸಿಟರ್ ಮೂಲಕ ಕೇಳಿ ಪಡೆಯಿರಿ. ಹಿತ್ತಿಲು ಚಿಕ್ಕದು, ತೋಟವಿಲ್ಲ, ಕಾರು ಬೀದಿಯಲ್ಲೇ. ಇದು ಒಗ್ಗದಿದ್ದರೆ ಬಿಂಗ್ಲಿ ನೋಡಿ.

ಟಿಕೆಟ್ ವಿಷಯ: ವಾರಕ್ಕೆ ಎರಡು ದಿನದವರಿಗೆ ವಾರ್ಷಿಕ ಪಾಸು ದಂಡ. 28 ದಿನಗಳಲ್ಲಿ ಯಾವುದಾದರೂ 8 ದಿನ ಓಡಾಡುವ ಫ್ಲೆಕ್ಸಿ ಸೀಸನ್ ನಿಮ್ಮ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಆದರೂ ಹೋಗಿಬರುವ ಬಿಡಿ ಟಿಕೆಟಿನ ದರದೊಡನೆ ಒಮ್ಮೆ ತಾಳೆ ನೋಡಿ. ವೆಸ್ಟ್ ಯಾರ್ಕ್‌ಶೈರಿನ ಎಂಕಾರ್ಡ್ ಪಾಸು ಈ ಕಣಿವೆಯಲ್ಲಿ ನಡೆಯುತ್ತದೆ. ಸ್ಕಿಪ್ಟನ್, ಹ್ಯಾರೋಗೇಟ್ ಇರುವುದು ವೆಸ್ಟ್ ಯಾರ್ಕ್‌ಶೈರಿನ ಆಚೆ, ಅಲ್ಲಿಗೆ ಯಾವ ಪಾಸು ನಡೆಯುತ್ತದೆ ಎಂದು ಮೊದಲೇ ವಿಚಾರಿಸಿ.

ಶಾಲೆಯ ಬಗ್ಗೆ: ಹೆಸರಿನಲ್ಲಿ ಗ್ರಾಮರ್ ಇದ್ದ ಮಾತ್ರಕ್ಕೆ ಪ್ರವೇಶ ಪರೀಕ್ಷೆ ಇದೆ ಎಂದಲ್ಲ. ಇಲ್ಕ್‌ಲಿ ಗ್ರಾಮರ್, ಬಿಂಗ್ಲಿ ಗ್ರಾಮರ್ ಎಲ್ಲರಿಗೂ ತೆರೆದ ಶಾಲೆಗಳು. ಪರೀಕ್ಷೆ ಬರೆಸಿ ಆರಿಸುವ ಶಾಲೆಗಳು ಸ್ಕಿಪ್ಟನ್, ರಿಪನ್, ಹ್ಯಾಲಿಫ್ಯಾಕ್ಸ್‌ಗಳಲ್ಲಿವೆ. ನಿಮ್ಮ ಮಗಳಿಗೆ ಅಕ್ಟೋಬರ್ 31ರ ಏಳನೇ ತರಗತಿಯ ಗಡುವು ದಾಟಿರುವುದರಿಂದ ವರ್ಷದ ನಡುವಿನ ಪ್ರವೇಶಕ್ಕೆ ಅರ್ಜಿ ಹಾಕಬೇಕು. ಆಗ ಇರುವುದು ಖಾಲಿ ಸೀಟಿನ ಪ್ರಶ್ನೆ ಮಾತ್ರ. ಮನೆಗೆ ಆಫರ್ ಕೊಡುವ ಮುನ್ನ ಶಾಲೆಗೇ ಫೋನ್ ಮಾಡಿ ಆ ತರಗತಿಯಲ್ಲಿ ಜಾಗವಿದೆಯೇ ಎಂದು ಕೇಳಿ. ಆರು ತಿಂಗಳು ಶಿಪ್ಲಿಯಲ್ಲಿ ಬಾಡಿಗೆಗಿದ್ದು, ನವೆಂಬರಿನಿಂದ ಫೆಬ್ರವರಿವರೆಗಿನ ಕತ್ತಲೆಯ ತಿಂಗಳುಗಳನ್ನು ಕಂಡು, ಆಮೇಲೆ ಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಇಂಗ್ಲೆಂಡಿನಲ್ಲಿ ನಾವು ಕೊಳ್ಳುತ್ತಿರುವುದು ಮೊದಲ ಮನೆ. ಬೆಂಗಳೂರಿನಲ್ಲಿ ನನ್ನ ಹೆಸರಿನಲ್ಲಿ ಬಾಡಿಗೆಗೆ ಕೊಟ್ಟ ಫ್ಲ್ಯಾಟ್ ಇದೆ. ಸ್ಟ್ಯಾಂಪ್ ಡ್ಯೂಟಿಯಲ್ಲಿ ಮೊದಲ ಮನೆಯ ರಿಯಾಯಿತಿ ಸಿಗುತ್ತದೆಯೇ?
— ಮ್ಯಾಂಚೆಸ್ಟರ್‌ನ ಓದುಗರು

ಉತ್ತರ: ಸಿಗುವುದಿಲ್ಲ, ಅಷ್ಟೇ ಅಲ್ಲ, ಹೆಚ್ಚುವರಿ ತೆರಿಗೆಯೂ ಬೀಳುತ್ತದೆ. ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಕಾನೂನು ಲೆಕ್ಕ ಹಿಡಿಯುವುದು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಇರುವ ಮನೆಯನ್ನು. ಏಪ್ರಿಲ್ 2025ರಿಂದ ಇರುವ ದರದಲ್ಲಿ ಮೂರೂವರೆ ಲಕ್ಷ ಪೌಂಡಿನ ಮನೆಗೆ ಹೀಗೆ: ಮೊದಲ 1,25,000ಕ್ಕೆ ತೆರಿಗೆಯಿಲ್ಲ, ಮುಂದಿನ 1,25,000ಕ್ಕೆ ಶೇ. 2, ಉಳಿದ ಒಂದು ಲಕ್ಷಕ್ಕೆ ಶೇ. 5, ಒಟ್ಟು 7,500 ಪೌಂಡ್. ಎಲ್ಲೂ ಎಂದೂ ಮನೆ ಹೊಂದಿರದವರಿಗೆ ಇದೇ ಮನೆಗೆ 2,500. ಇನ್ನೊಂದು ಮನೆಯಲ್ಲಿ 40,000 ಪೌಂಡ್ ಅಥವಾ ಹೆಚ್ಚು ಬೆಲೆಯ ಪಾಲಿದ್ದವರಿಗೆ ಪೂರ್ಣ ಬೆಲೆಯ ಮೇಲೆ ಶೇ. 5 ಸೇರಿ 25,000.

ಮನೆಯನ್ನು ಹೆಂಡತಿಯ ಹೆಸರಿನಲ್ಲಿ ಕೊಂಡರೆ ತಪ್ಪಿಸಬಹುದೇ ಎಂದು ಕೇಳುವವರಿದ್ದಾರೆ. ಆಗದು, ಒಟ್ಟಿಗಿರುವ ಗಂಡ ಹೆಂಡತಿಯನ್ನು ಈ ವಿಷಯದಲ್ಲಿ ಒಂದೇ ಘಟಕವೆಂದು ನೋಡುತ್ತಾರೆ. ಫ್ಲ್ಯಾಟನ್ನು ಇಲ್ಲಿನ ಕೊಳ್ಳುವಿಕೆ ಪೂರ್ಣಗೊಳ್ಳುವ ಮೊದಲೇ ಮಾರಿದರೆ ಶೇ. 5 ತಪ್ಪುತ್ತದೆ, ಮೊದಲ ಮನೆಯ ರಿಯಾಯಿತಿ ಮಾತ್ರ ಮರಳಿ ಬಾರದು. ಮೂರು ವರ್ಷದೊಳಗೆ ಹಳೆಯ ಮನೆ ಮಾರಿ ಹಣ ವಾಪಸು ಪಡೆಯುವ ಅವಕಾಶ ಇರುವುದು ತಾವೇ ವಾಸವಿದ್ದ ಮನೆಗೆ, ಬಾಡಿಗೆಗೆ ಕೊಟ್ಟ ಫ್ಲ್ಯಾಟಿಗಲ್ಲ. ಊರಿನ ಪಿತ್ರಾರ್ಜಿತ ಮನೆಯಲ್ಲಿ ಅಣ್ಣತಮ್ಮಂದಿರೊಡನೆ ಪಾಲಿದ್ದರೆ ಅದನ್ನೂ ಸಾಲಿಸಿಟರ್‌ಗೆ ಮುಚ್ಚಿಡದೆ ಹೇಳಿ. ಪಾಲಿನ ಬೆಲೆ, ಅದು ಬಂದ ದಿನಾಂಕ ಎರಡೂ ಬೇಕಾಗುತ್ತವೆ. ಭಾರತದಿಂದ ನೇರವಾಗಿ ಬಂದು ಕೊಳ್ಳುವವರು ಹಿಂದಿನ 12 ತಿಂಗಳಲ್ಲಿ ಯುಕೆಯಲ್ಲಿ 183 ದಿನ ಇದ್ದಿರದಿದ್ದರೆ ಮೇಲೆ ಇನ್ನೂ ಶೇ. 2 ಬೀಳುತ್ತದೆ. ಕೀಲಿ ಕೈಗೆ ಬಂದ 14 ದಿನದೊಳಗೆ ತೆರಿಗೆ ಕಟ್ಟಬೇಕು.

ಪ್ರಶ್ನೆ: ಹ್ಯಾಲಿಫ್ಯಾಕ್ಸ್ ಕಡೆ ನೂರು ವರ್ಷ ಮೀರಿದ ಕಲ್ಲಿನ ಮನೆ ನೋಡಿದ್ದೇವೆ. ಒಳಗೋಡೆ ಕೆಳಭಾಗದಲ್ಲಿ ಒದ್ದೆಯಿದೆ. ರಾಸಾಯನಿಕ ಇಂಜೆಕ್ಷನ್ ಹಾಕಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಪ್ರವಾಹದ ಭಯವೂ ಇದೆ.
— ಹಡರ್ಸ್‌ಫೀಲ್ಡ್‌ನ ಓದುಗರು

ಉತ್ತರ: ಇಂಜೆಕ್ಷನ್ನಿಗೆ ಒಪ್ಪುವ ಮೊದಲು ಹೊರಗೋಡೆ ನೋಡಿ. ಹಳೆಯ ಗೋಡೆ ಎರಡು ಕಲ್ಲಿನ ಪದರ, ನಡುವೆ ಚೂರುಗಲ್ಲು. ಆ ಚೂರುಗಲ್ಲಿನಲ್ಲಿ ರಾಸಾಯನಿಕ ಒಂದೇ ಸಮನೆ ಹರಡುವುದಿಲ್ಲ. ಈ ಗೋಡೆಗಳು ಸುಣ್ಣದ ಗಾರೆಯ ಸಂದಿನಿಂದ ತೇವವನ್ನು ಹೊರಬಿಡುವಂತೆ ಕಟ್ಟಿದವು. ಯಾರೋ ಸಿಮೆಂಟಿನಲ್ಲಿ ಸಂದು ತುಂಬಿದರೆ ನೀರು ಒಳಗೇ ಸಿಕ್ಕಿಕೊಂಡು ಒಳಗೋಡೆಗೆ ಬರುತ್ತದೆ, ಕಲ್ಲಿನ ಮೈಯೂ ಉದುರುತ್ತದೆ. ಕ್ರಮ ಹೀಗಿರಲಿ: ಮಳೆ ಸುರಿಯುವಾಗ ಹೋಗಿ ಚಾವಣಿಯಂಚಿನ ದೋಣಿ, ನೀರಿನ ಕೊಳವೆ ಸೋರುತ್ತಿವೆಯೇ ನೋಡಿ. ಹೊರಗಿನ ನೆಲ ಒಳನೆಲಕ್ಕಿಂತ ಸುಮಾರು 150 ಮಿ.ಮೀ. ಕೆಳಗಿರಬೇಕು, ಮಣ್ಣು ಪೇರಿಸಿದ್ದರೆ ತೆಗೆಸಬೇಕು. ಆಮೇಲೆ ಸಿಮೆಂಟ್ ಕೆತ್ತಿಸಿ ಸುಣ್ಣದ ಗಾರೆ. ಗೋಡೆ ಒಣಗಲು ತಿಂಗಳುಗಳು ಹಿಡಿಯುತ್ತವೆ. ನಮ್ಮ ಅಡುಗೆಯ ಹಬೆ, ಒಳಗೇ ಒಣಹಾಕುವ ಬಟ್ಟೆ ಎರಡೂ ತೇವ ಹೆಚ್ಚಿಸುವುದರಿಂದ ಅಡುಗೆಮನೆಯ ಫ್ಯಾನು ಗಾಳಿಯನ್ನು ಹೊರಕ್ಕೇ ದೂಡುವಂಥದ್ದಿರಲಿ. ಬ್ಯಾಂಕಿನವರು ಮಾಡಿಸುವ ಮೌಲ್ಯಮಾಪನ ನಿಮಗಾಗಿ ಅಲ್ಲ. ಹಳೆಯ ಕಟ್ಟಡ ಬಲ್ಲ ಸರ್ವೇಯರ್‌ನಿಂದ ಮೂರನೇ ಹಂತದ, ಎಂದರೆ ಅತಿ ವಿವರವಾದ, ಸರ್ವೇ ಮಾಡಿಸಿ, ಇದು ಕಲ್ಲಿದ್ದಲು ತೆಗೆದ ಪ್ರದೇಶವಾದ್ದರಿಂದ ಗಣಿ ವರದಿಯನ್ನೂ ತರಿಸಿ.

ಪ್ರವಾಹಕ್ಕೆ ಸರ್ಕಾರಿ ತಾಣದಲ್ಲಿ ಪೋಸ್ಟ್‌ಕೋಡ್ ಹಾಕಿ ನದಿಯ ನೀರು, ಮೇಲ್ಮೈ ನೀರು ಎರಡರ ಅಪಾಯವನ್ನೂ ನೋಡಿ. ಕಣಿವೆಯಲ್ಲಿ ಗುಡ್ಡದಿಂದ ರಸ್ತೆಗುಂಟ ಇಳಿಯುವ ನೀರು ನದಿಯಿಂದ ದೂರದ ಮನೆಗೂ ನುಗ್ಗುತ್ತದೆ. ಕಾಲ್ಡರ್ ಕಣಿವೆ 2015ರ ಡಿಸೆಂಬರ್ 26ರಂದು, ಮತ್ತೆ 2020ರ ಫೆಬ್ರವರಿಯಲ್ಲಿ ಮುಳುಗಿತ್ತು. 2009ಕ್ಕಿಂತ ಮೊದಲು ಕಟ್ಟಿದ ಮನೆಗಳಿಗೆ ಫ್ಲಡ್ ರೀ ಯೋಜನೆಯಡಿ ವಿಮೆ ಕೈಗೆಟುಕುತ್ತದೆ, ನಿಮ್ಮದು ಆ ಪೈಕಿ. ಆ ಯೋಜನೆಯ ಅವಧಿ 2039ಕ್ಕೆ ಮುಗಿಯುತ್ತದೆ, 25 ವರ್ಷದ ಸಾಲ ತೆಗೆಯುವವರು ಇದನ್ನು ಗಮನಿಸಬೇಕು. ಒಪ್ಪಂದ ವಿನಿಮಯವಾಗಿ ಖರೀದಿ ಗಟ್ಟಿಯಾಗುವ ಮೊದಲೇ ವಿಮೆಯ ದರ ಬರೆದುಕೊಡಲು ಕೇಳಿ.