ಆರು ರಂಧ್ರಗಳ ಪುಟ್ಟ ಕೊಳಲಾದ ಟಿನ್ ವಿಸಲ್‌ನಲ್ಲಿ ನಾನು ನುಡಿಸುವ ರೋಲ್ ಎಂಬ ಅಲಂಕಾರ ಗೊಂದಲವಾಗಿ ಕೇಳಿಸುವುದೇಕೆ?

ರೋಲ್ ಅಂದರೆ ಐದು ಸ್ವರಗಳ ಗುಚ್ಛ ಎಂದು ಎಣಿಸುವುದರಿಂದಲೇ ಹೀಗಾಗುತ್ತದೆ. ಐರಿಷ್ ವಾದಕರಿಗೆ ಅದು ಒಂದೇ ಸ್ವರ, ಎರಡು ಪೆಟ್ಟುಗಳಿಂದ ಮೂರು ಭಾಗವಾದದ್ದು.

ಡಿ ಶ್ರುತಿಯ ವಿಸಲ್‌ನಲ್ಲಿ ಎಫ್ ಶಾರ್ಪ್ ಸ್ವರ ಹಿಡಿಯಿರಿ: ಎಡಗೈಯ ಮೂರು ರಂಧ್ರ, ಬಲಗೈ ತೋರುಬೆರಳಿನದೊಂದು ಮುಚ್ಚಿರಲಿ. ಜಿಗ್ ಎಂಬ ಐರಿಷ್ ಕುಣಿತದ ಲಯದಲ್ಲಿ ಒಂದು–ಎರಡು–ಮೂರು ಎಣಿಸಿ. ಒಂದಕ್ಕೆ ಸ್ವರವನ್ನು ಸುಮ್ಮನೆ ಹಿಡಿಯಿರಿ. ಎರಡಕ್ಕೆ ಎಡಗೈ ಉಂಗುರ ಬೆರಳನ್ನು ಚಕ್ಕನೆ ಎತ್ತಿ ಮುಚ್ಚಿ, ಇದು ಕಟ್. ಮೂರಕ್ಕೆ ಬಲಗೈ ಮಧ್ಯದ ಬೆರಳಿನಿಂದ ಅದರ ರಂಧ್ರವನ್ನು ತಟ್ಟಿ ಬಿಡಿ, ಇದು ಟ್ಯಾಪ್. ನಡುವೆ ನಾಲಿಗೆಯಿಂದ ಸ್ವರ ತಡೆಯುವುದು ಬೇಡ, ಉಸಿರು ಕಡಿಯಬಾರದು.

ಕಟ್‌ನಲ್ಲಿ ಬೇರೆ ಸ್ವರ ಸ್ಪಷ್ಟವಾಗಿ ಕೇಳಿಸಿದರೆ ಬೆರಳು ತುಂಬ ಮೇಲೇಳುತ್ತಿದೆ. ಕೆಲವೇ ಮಿಲಿಮೀಟರ್ ಸಾಕು. ಹೆಚ್ಚಿನವರು ಎಡವುವುದು ಮೊದಲ ಭಾಗದಲ್ಲಿ: ಅವಸರಪಟ್ಟು ಅದನ್ನು ನುಂಗಿಬಿಡುತ್ತಾರೆ, ಲಯವೇ ಕುಸಿಯುತ್ತದೆ. ವೇಗ ಆಮೇಲೆ ಬರಲಿ, ಮೂರೂ ಭಾಗ ಸಮವಾಗಿರಲಿ.

ಕೆಳಗಿನ ಡಿ ಸ್ವರಕ್ಕೆ ರೋಲ್ ಆಗದು, ತಟ್ಟಲು ರಂಧ್ರವೇ ಉಳಿದಿರುವುದಿಲ್ಲ. ಅಲ್ಲಿ ಇಲಿಯನ್ ಪೈಪ್ಸ್ ಎಂಬ ಐರಿಷ್ ಬ್ಯಾಗ್‌ಪೈಪ್‌ನಿಂದ ಬಂದ ‘ಕ್ರಾನ್’ ಬಳಸುತ್ತಾರೆ, ಬರೀ ಕಟ್‌ಗಳ ಸಾಲು. ಐರಿಷ್ ಕೊಳಲುವಾದಕ ಮ್ಯಾಟ್ ಮಲಾಯ್ ಅವರ ಕೊಳಲಿನಲ್ಲಿ ಅದನ್ನು ಗಮನವಿಟ್ಟು ಕೇಳಿ.