ನಡುವೆ ಇಳಿಯದ ವಿಮಾನವೇ ದುಬಾರಿ ಏಕೆ?

ಪ್ರಶ್ನೆ: ಸಿಂಗಪುರದಿಂದ ನ್ಯೂಯಾರ್ಕ್‌ಗೆ ನೇರವಾಗಿ ಹಾರುವ ವಿಮಾನಕ್ಕೆ ನಡುವೆ ಇಳಿಯುವ ಖರ್ಚೂ ಇಲ್ಲ, ಸುತ್ತು ದಾರಿಯೂ ಇಲ್ಲ. ಹಾಗಿದ್ದರೂ ಒಂದು ಕಡೆ ಇಳಿದು ಹತ್ತುವ ಪ್ರಯಾಣಕ್ಕಿಂತ ಅದರ ಟಿಕೆಟ್ ಸಾಮಾನ್ಯವಾಗಿ ದುಬಾರಿಯಾಗಿರುವುದೇಕೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಲೆಕ್ಕದಲ್ಲಿ ಬಿಟ್ಟುಹೋಗಿರುವುದು ಇಂಧನದ ಭಾರ. ದಾರಿಯಲ್ಲಿ ಎಲ್ಲಿಯೂ ಊಟ ಸಿಗದೆಂದು ದೊಡ್ಡ ಬುತ್ತಿ ಕಟ್ಟಿಕೊಂಡು ನಡೆದವನಿಗೆ, ಆ ಬುತ್ತಿಯನ್ನು ಹೊತ್ತ ಆಯಾಸಕ್ಕೇ ಹಸಿವು ಹೆಚ್ಚಾಗುವಂತೆ ಇದು. ಸಿಂಗಪುರ–ನ್ಯೂಯಾರ್ಕ್ ನಡುವಿನ ದೂರ ಸುಮಾರು 15,300 ಕಿ.ಮೀ., ಪ್ರಯಾಣ 18 ಗಂಟೆಗೂ ಹೆಚ್ಚು. ಇಂತಹ ಮಾರ್ಗಕ್ಕೆಂದೇ ರೂಪಿಸಿದ ಏರ್‌ಬಸ್ ಎ350-900 ಯುಎಲ್‌ಆರ್ ವಿಮಾನದ ಟ್ಯಾಂಕುಗಳಲ್ಲಿ 1,65,000 ಲೀಟರ್ ಇಂಧನ ಹಿಡಿಯುತ್ತದೆ. ಅಷ್ಟು ಇಂಧನದ ತೂಕವೇ 130 ಟನ್ನಿನ ಆಸುಪಾಸು; ವಿಮಾನ ನೆಲ ಬಿಡುವಾಗ ಇರಬಹುದಾದ ಗರಿಷ್ಠ ತೂಕ 280 ಟನ್. ಅಂದರೆ ಮೊದಲ ಗಂಟೆಗಳಲ್ಲಿ ಸುಡುವ ಇಂಧನದ ಒಂದು ಪಾಲು, ಕೊನೆಯ ಗಂಟೆಗಳಿಗೆ ಬೇಕಾದ ಇಂಧನವನ್ನು ಹೊರುವುದಕ್ಕೇ ಮುಗಿದುಹೋಗುತ್ತದೆ.

ಇಂಧನಕ್ಕೆ ಜಾಗ ಮಾಡಿಕೊಡಬೇಕಾದರೆ ಉಳಿದ ಭಾರವನ್ನು ಇಳಿಸಲೇಬೇಕು. ಸಿಂಗಪುರ ಏರ್‌ಲೈನ್ಸ್ ಈ ವಿಮಾನದಲ್ಲಿ ಇಟ್ಟಿರುವುದು 161 ಸೀಟುಗಳನ್ನು ಮಾತ್ರ: ಬಿಸಿನೆಸ್ ದರ್ಜೆಯಲ್ಲಿ 67, ಪ್ರೀಮಿಯಂ ಎಕಾನಮಿಯಲ್ಲಿ 94. ಸಾಮಾನ್ಯ ಎಕಾನಮಿ ದರ್ಜೆ ಅದರಲ್ಲಿ ಇಲ್ಲವೇ ಇಲ್ಲ. ಹೀಗಾಗಿ ಇಡೀ ಹಾರಾಟದ ವೆಚ್ಚ ಕೆಲವೇ ಜನರ ತಲೆಯ ಮೇಲೆ ಬೀಳುತ್ತದೆ.

ಈ ಲೆಕ್ಕ ಒಮ್ಮೆ ಕೈಕೊಟ್ಟಿದ್ದೂ ಉಂಟು. ಇದೇ ಸಂಸ್ಥೆ 2004ರಲ್ಲಿ ನಾಲ್ಕು ಎಂಜಿನ್‌ಗಳ ಎ340-500 ವಿಮಾನದಿಂದ ನ್ಯೂಯಾರ್ಕ್ ಪಕ್ಕದ ನ್ಯೂವರ್ಕ್‌ಗೆ ನೇರ ಸೇವೆ ಆರಂಭಿಸಿತು. 2008ರಲ್ಲಿ ಸೀಟುಗಳನ್ನು ನೂರಕ್ಕೆ ಇಳಿಸಿ ಎಲ್ಲವನ್ನೂ ಬಿಸಿನೆಸ್ ದರ್ಜೆಯನ್ನಾಗಿ ಮಾಡಿತು. ಆದರೆ ಸೀಟು ಕಡಿಮೆಯಾದ ಮಾತ್ರಕ್ಕೆ ನಾಲ್ಕು ಎಂಜಿನ್‌ಗಳ ದಾಹ ಇಂಗಲಿಲ್ಲ. 2013ರ ನವೆಂಬರ್‌ನಲ್ಲಿ ಸೇವೆ ನಿಂತಿತು. ಎರಡೇ ಎಂಜಿನ್‌ಗಳ ಎ350 ಕೈಗೆ ಬಂದ ಮೇಲೆ, 2018ರ ಅಕ್ಟೋಬರ್‌ನಲ್ಲಿ, ಅದು ಮರುಜೀವ ಪಡೆಯಿತು.

ಇನ್ನು, ಸರದಿಯ ಮೇಲೆ ಮಲಗಿ ಎದ್ದು ಕೆಲಸ ಮಾಡಲು ನಾಲ್ವರು ಪೈಲಟ್‌ಗಳು ಬೇಕು. ಹೋಗಿಬರುವುದಕ್ಕೆ ಒಂದೂವರೆ ದಿನವೇ ಹಿಡಿಯುವುದರಿಂದ, ಪ್ರತಿದಿನದ ಸೇವೆಗೆ ಒಂದು ವಿಮಾನ ಸಾಲದು.

ಇಷ್ಟಾದರೂ ಹೆಚ್ಚಿನ ಹಣ ಕೊಡುವವರು ಯಾರು ಎಂದು ನೀವು ಕೇಳಬಹುದು. ಕಂಪನಿಯ ಖರ್ಚಿನಲ್ಲಿ ಓಡಾಡುವವರು ಇದ್ದೇ ಇದ್ದಾರೆ. ಆದರೆ 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ನೇರ ಹಾರಾಟ ಆರಂಭಿಸಿದಾಗ, ಮಗಳ ಬಾಣಂತನಕ್ಕೆಂದು ಒಬ್ಬರೇ ಅಮೆರಿಕಕ್ಕೆ ಹೊರಡುವ ತಾಯಂದಿರ ನೆನಪಾಗದೆ ಇರಲಿಲ್ಲ. ಗುರುತಿಲ್ಲದ ವಿಮಾನ ನಿಲ್ದಾಣದಲ್ಲಿ, ತಿಳಿಯದ ಭಾಷೆಯ ಫಲಕಗಳ ನಡುವೆ, ಅಮ್ಮ ಗೇಟು ಹುಡುಕುತ್ತಾ ಅಲೆಯುವುದು ತಪ್ಪಿದರೆ ಸಾಕೆಂದು ಮಕ್ಕಳು ದರ ನೋಡದೆ ನೇರ ವಿಮಾನದ ಟಿಕೆಟ್ ತೆಗೆಯುತ್ತಾರೆ.