ನನ್ನ ಹೊಸ ಕೈಗರಗಸ ತೇಗದ ಹಲಗೆಯನ್ನು ಅಡ್ಡಕ್ಕೆ ಚೆನ್ನಾಗಿ ಕೊಯ್ಯುತ್ತದೆ, ಉದ್ದಕ್ಕೆ ಸೀಳುವುದಿಲ್ಲ, ಗೆರೆ ಬಿಟ್ಟು ಒಂದೇ ಕಡೆ ಓಡುತ್ತದೆ. ಅರದಿಂದ ಉಜ್ಜಿ ಹಲ್ಲು ಚೂಪು ಮಾಡಬೇಕಾ?

ಬೇಡ. ಹೊಸ ಕೈಗರಗಸ ತೇಗದ ಹಲಗೆಯನ್ನು ಅಡ್ಡಕ್ಕೆ ನೀಟಾಗಿ ಕತ್ತರಿಸುತ್ತಿದೆ ಅಂದಮೇಲೆ ಅದು ಮೊಂಡಾಗಿಲ್ಲ. ಅದೇ ಹಲಗೆಯನ್ನು ಉದ್ದಕ್ಕೆ ಸೀಳುವಾಗ ಕೈ ಸೋಲುತ್ತಿದ್ದರೆ ಕಾರಣ ಹಲ್ಲಿನ ಆಕಾರ.

ಅಡ್ಡ ಕೊಯ್ಯುವಾಗ ಮರದ ನಾರುಗಳನ್ನು ತುಂಡರಿಸಬೇಕು. ಅದಕ್ಕೇ ಅಡ್ಡಗರಗಸದ ಹಲ್ಲುಗಳ ಅಂಚನ್ನು ಸುಮಾರು 20ರಿಂದ 25 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ. ಪ್ರತಿ ಹಲ್ಲೂ ಒಂದು ಪುಟ್ಟ ಚಾಕು. ಒಂದು ಎಡಗಡೆ ಗೀರಿದರೆ ಪಕ್ಕದ್ದು ಬಲಗಡೆ ಗೀರುತ್ತದೆ, ನಡುವಿನ ಮರ ಪುಡಿಯಾಗಿ ಉದುರುತ್ತದೆ.

ಉದ್ದಕ್ಕೆ ಸೀಳುವಾಗ ಚಾಕು ಸಾಲದು, ಉಳಿ ಬೇಕು. ನಾರಿನ ತುದಿಯನ್ನು ಕಡಿದು ಎಬ್ಬಿಸಿ ತೆಗೆಯಬೇಕು, ಅಲ್ವಾ? ಹಾಗಾಗಿ ಸೀಳುವ ಗರಗಸದ ಹಲ್ಲನ್ನು ಓರೆ ಇಲ್ಲದೆ ನೇರವಾಗಿ ಉಜ್ಜುತ್ತಾರೆ. ಅದರ ಮುಂಭಾಗ ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತದೆ. ಅಡ್ಡಗರಗಸದಲ್ಲಿ ಅದೇ ಭಾಗ ಸುಮಾರು 15 ಡಿಗ್ರಿ ಹಿಂದಕ್ಕೆ ವಾಲಿರುತ್ತದೆ. ದಪ್ಪ ಹಲಗೆ ಸೀಳಲು ಇಂಚಿಗೆ 4ರಿಂದ 6 ಹಲ್ಲು ಸಾಕು. ಹಲ್ಲು ಸಣ್ಣದಾದರೆ ಸಂದಿಯಲ್ಲಿ ಪುಡಿ ತುಂಬಿಕೊಂಡು ಗರಗಸ ಸುಮ್ನೆ ಮೇಲೆ ಜಾರುತ್ತದೆ. ನಿಮಗೆ ಆಗುತ್ತಿರುವುದು ಬಹುಶಃ ಇದೇ.

ಜಪಾನಿನ ರ್ಯೋಬಾ ಗರಗಸದಲ್ಲಿ ಒಂದೇ ತಗಡಿನ ಒಂದು ಅಂಚಿಗೆ ಸೀಳುವ ಹಲ್ಲು, ಇನ್ನೊಂದಕ್ಕೆ ಅಡ್ಡ ಕೊಯ್ಯುವ ಹಲ್ಲು ಇರುತ್ತದೆ. ಅದು ಎಳೆದಾಗ ಕೊಯ್ಯುತ್ತದೆ, ಹಾಗಾಗಿ ತಗಡು ತೆಳ್ಳಗಿದ್ದರೂ ಬಾಗುವುದಿಲ್ಲ. ನನಗೆ ತುಂಬಾ ಇಷ್ಟವಾದ ಉಪಕರಣ ಅದು.

ಗೆರೆ ಬಿಟ್ಟು ಒಂದೇ ಕಡೆ ಓಡುತ್ತದೆ ಅಂತಲೂ ಬರೆದಿದ್ದೀರಿ. ಹಲ್ಲುಗಳನ್ನು ಒಂದು ಬಿಟ್ಟು ಒಂದು ಎಡಕ್ಕೂ ಬಲಕ್ಕೂ ಚೂರು ಬಗ್ಗಿಸಿರುತ್ತಾರೆ, ತಗಡು ಮರದಲ್ಲಿ ಸಿಕ್ಕಿಕೊಳ್ಳದಿರಲಿ ಅಂತ. ಒಂದು ಕಡೆ ಜಾಸ್ತಿ ಬಗ್ಗಿದ್ದರೆ ಗರಗಸ ಆ ಕಡೆಗೇ ಎಳೆಯುತ್ತದೆ. ಹಸಿ ಮರಕ್ಕೆ ಈ ಬಾಗು ಹೆಚ್ಚು ಬೇಕು, ಒಣಗಿದ ತೇಗಕ್ಕೆ ಕಡಿಮೆ ಸಾಕು.

ಇದೇ ಗರಗಸದ ಹಲ್ಲನ್ನು ಬದಲಾಯಿಸಬಹುದಾ? ಹಲ್ಲಿನ ತುದಿ ಕಪ್ಪು ಅಥವಾ ನೀಲಿಯಾಗಿದ್ದರೆ ಆಗುವುದಿಲ್ಲ. ಅದನ್ನು ಕಾಯಿಸಿ ಗಟ್ಟಿ ಮಾಡಿರುತ್ತಾರೆ, ಅರ ಅದರ ಮೇಲೆ ಜಾರುತ್ತದೆ. ಅದು ಅಡ್ಡ ಕೊಯ್ಯಲು ಇರಲಿ. ಸೀಳಲು ದೊಡ್ಡ ಹಲ್ಲಿನ, ಅರ ಹಿಡಿಯುವಂಥ ಬೇರೊಂದು ಗರಗಸ ಕೊಳ್ಳಿ. ತೇಗದಲ್ಲಿ ಮರಳಿನಂಥ ಸಿಲಿಕಾ ಇರುತ್ತದೆ, ಹಲ್ಲು ಬೇಗ ಸವೆಯುತ್ತದೆ. ಹಾಗಾಗಿ ಅರ ಹಾಕುವುದನ್ನು ನೀವೇ ಕಲಿತರೆ ಒಳ್ಳೆಯದು.

ಮೊದಲು ಚಪ್ಪಟೆ ಅರವನ್ನು ಹಲ್ಲುಗಳ ತುದಿಯ ಮೇಲೆ ಉದ್ದಕ್ಕೆ ಹಗುರವಾಗಿ ಓಡಿಸಿ. ಪ್ರತಿ ತುದಿಯಲ್ಲೂ ಹೊಳೆಯುವ ಚುಕ್ಕೆ ಕಾಣುತ್ತದೆ. ಆಮೇಲೆ ಮೂರು ಮೂಲೆಯ ಅರವನ್ನು ಸಂದಿಯಲ್ಲಿಟ್ಟು, ತಗಡಿಗೆ ಸರಿಯಾಗಿ ಅಡ್ಡ ಹಿಡಿದು, ಮುಂದಕ್ಕೆ ಮಾತ್ರ ತಳ್ಳಿ. ಚುಕ್ಕೆ ಮಾಯವಾದ ಕೂಡಲೇ ನಿಲ್ಲಿಸಿ ಮುಂದಿನ ಹಲ್ಲಿಗೆ ಹೋಗಿ.